ಪೇಟದ ತುದಿ ಹಿಡಿದವರು

ಎದುರಿಗಿರುವುದನ್ನು ನೇರವಾಗಿ ನೋಡಿ ತಿಳಿದುಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಅಡುಗೆಮನೆಯ ಪಾತ್ರೆಗಳ ಸದ್ದು ಕೇಳಿ, ಊಟಕ್ಕೆ ಏಳಬೇಕೋ ಇನ್ನೂ ಸ್ವಲ್ಪ ಹೊತ್ತು ಪೇಪರಿನ ಹಿಂದೆಯೇ ಇರುವುದು ಕ್ಷೇಮವೋ ಎಂದು ತೀರ್ಮಾನಿಸುತ್ತೇನೆ. ಬಸ್ಸಿನೊಳಗೆ ಇಣುಕುವ ಬದಲು ಕಂಡಕ್ಟರನ ಗಂಟಲು ಎಷ್ಟು ಕಟ್ಟಿದೆ ಎಂದು ಕೇಳಿ ಸೀಟಿನ ಆಸೆ ಇಟ್ಟುಕೊಳ್ಳುತ್ತೇನೆ, ಇಲ್ಲವೇ ಬಿಡುತ್ತೇನೆ. ಮದುವೆಮನೆಯಲ್ಲಿ ಬಡಿಸುವವನು ಸೌಟು ಹಿಡಿದ ರೀತಿ ನೋಡಿ ಪಾಯಸ ಇನ್ನೊಂದು ಸುತ್ತು ಬರುತ್ತದೆಯೋ ಇಲ್ಲವೋ ಹೇಳುತ್ತೇನೆ. ಬಹಳ ಸಲ ತಪ್ಪುತ್ತೇನೆ. ಹಾಗಂತ ಚಾಳಿ ಬಿಟ್ಟಿಲ್ಲ. ನೀವು ನಗಬೇಡಿ, ನೀವೂ ಮಾಡುವುದು ಇದನ್ನೇ. ಮಳೆ ಬರುತ್ತದೆಯೇ ಎಂದು ನೋಡಲು ಯಾರೂ ಮೋಡದೊಳಕ್ಕೆ ಹೋಗಿ ಬರುವುದಿಲ್ಲ, ಅಂಗಳದಲ್ಲಿ ನಿಂತು ಇರುವೆ ಮೊಟ್ಟೆ ಹೊತ್ತು ಓಡುವುದನ್ನು ನೋಡುತ್ತೇವೆ. ಕಾಣದ್ದನ್ನು ಕಾಣುವುದರಿಂದ ಊಹಿಸುವುದು ಮನುಷ್ಯರ ಹಣೆಬರಹ. ನನ್ನ ವಿಶೇಷವೆಂದರೆ, ಇದನ್ನು ನಾನು ಒಂದು ಶಾಸ್ತ್ರವಾಗಿಯೇ ಕಲಿತೆ. ಅದೂ ನನ್ನ ಮದುವೆಯನ್ನು ಪಣಕ್ಕಿಟ್ಟು.

ಕಲಿತದ್ದು ಚನ್ನರಾಯಪಟ್ಟಣದಲ್ಲಿ, ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಹೊಸ ಕೆಲಸ, ಹೊಸ ಕೊಡೆ, ಬಾಡಿಗೆ ಕೋಣೆ, ಮೂರು ಹೊತ್ತೂ ಹೋಟೆಲಿನ ಸಾರು. ನಮ್ಮ ಹೆಡ್‌ಮಾಸ್ಟರು ಗುರುಶಾಂತಪ್ಪನವರು ಅರಕಲಗೂಡಿನ ಕಡೆಯವರು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಕತ್ತಿನವರೆಗೆ ಗುಂಡಿ ಹಾಕಿದ ಉದ್ದ ಕೋಟು, ತಲೆಯ ಮೇಲೆ ಸರಿಗೆ ಅಂಚಿನ ಬಿಳಿ ಪೇಟ. ಮನುಷ್ಯರು ಒಳ್ಳೆಯವರೇ. ಆದರೆ ದಿನವೂ ಒಳ್ಳೆಯವರಲ್ಲ. ಕೆಲವು ದಿನ ರಜಾಚೀಟಿಯನ್ನು ಓದದೆಯೇ ಸಹಿ ಹಾಕಿ, "ಹೋಗಿ ಬನ್ನಿ, ಊರಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳಿ" ಎನ್ನುವರು. ಇನ್ನು ಕೆಲವು ದಿನ ಅದೇ ಚೀಟಿಯನ್ನು ಬೆಳಕಿಗೆ ಹಿಡಿದು, "ಅಜ್ಜಿಗೆ ಹುಷಾರಿಲ್ಲ. ಸರಿ. ನೀವು ಯಾವಾಗ ಡಾಕ್ಟರಾದ್ರಿ?" ಎಂದು ಕೇಳುವರು. ಎಲ್ಲಕ್ಕಿಂತ ಕಷ್ಟವೆಂದರೆ ಆ ಮುಖ. ಸಹಿ ಹಾಕುವಾಗಲೂ ಅದೇ, ಮೆಮೊ ಕೊಡುವಾಗಲೂ ಅದೇ. ಅವರ ಮುಖ ನೋಡಿ ಒಳಗೆ ಹೋದವರೆಲ್ಲ ಪೆಟ್ಟು ತಿಂದೇ ಬಂದಿದ್ದರು.

ಪೇಟವನ್ನು ನೋಡಬೇಕೆಂದು ಕಂಡುಕೊಂಡವನು ನಮ್ಮ ಜವಾನ ಬೋರಯ್ಯ. ಬೆಳಗ್ಗೆ ಗೇಟು ತೆಗೆಯುವವನು ಅವನೇ ಆದ್ದರಿಂದ ಪೇಟದ ಮೊದಲ ದರ್ಶನ ಅವನಿಗೆ. ಕೆಲವು ದಿನ ಅದು ಮಡಿಕೆ ಮಡಿಕೆಯಾಗಿ ಬಿಗಿಯಾಗಿ ಕೂತಿರುತ್ತಿತ್ತು. ಕೆಲವು ದಿನ ಸಡಿಲವಾಗಿ ಒಂದು ಕಿವಿಯ ಕಡೆಗೆ ವಾಲಿರುತ್ತಿತ್ತು. ಬೋರಯ್ಯ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು, "ಸಾ, ಪ್ಯಾಟ ಬಿಗಿಯಾಗೈತೆ ಸಾ, ಏನಾರ ಕೇಳೋರಿದ್ರೆ ಓಗಿ ಕೇಳ್ಕಳಿ" ಎನ್ನುವನು. ಇಲ್ಲವೇ ಬರೀ ತಲೆಯಾಡಿಸಿ, "ಜಾರೈತೆ" ಎನ್ನುವನು. ಅಂದು ನಾವು ಚಾಕ್‌ಪೀಸು ಮುಗಿದರೂ ಕೇಳಲು ಹೋಗುತ್ತಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಅದು ಶಕುನ ನೋಡುವುದಾಗಿ ಉಳಿಯುತ್ತಿತ್ತು. ಅದನ್ನು ವಿಜ್ಞಾನ ಮಾಡಿದವನು ಲೆಕ್ಕದ ಮೇಷ್ಟ್ರು ಸೀತಾರಾಮು. ಹಾಸನದವನು, ನನ್ನ ವಯಸ್ಸಿನವನೇ. ಬೇಸಗೆ ರಜೆಯಲ್ಲಿ ಮೈಸೂರಿಗೆ ಹೋಗಿ ಸಂಖ್ಯಾಶಾಸ್ತ್ರದ ಚಿಕ್ಕದೊಂದು ತರಬೇತಿ ಮುಗಿಸಿ ಬಂದಿದ್ದ. ಬಂದಾಗಿನಿಂದ ಅವನ ಕೈ ಸುಮ್ಮನಿರಲಿಲ್ಲ. ಸ್ಟಾಫ್‌ರೂಮಿನ ಗೋಡೆಯಲ್ಲಿ ದೊಡ್ಡದೊಂದು ಭಾರತದ ಭೂಪಟ ತೂಗುಹಾಕಿತ್ತು. ಅದರ ಹಿಂದೆ ಕಪ್ಪು ಬಳಿದ ಗೋಡೆ. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದ. ಅಡ್ಡಗೆರೆಯ ಮೇಲೆ ಪೇಟದ ಸಡಿಲ, ಎಡದಿಂದ ಬಲಕ್ಕೆ ಹೆಚ್ಚುತ್ತ ಹೋಗುತ್ತದೆ. ಉದ್ದಗೆರೆಯ ಮೇಲೆ ಸಿಟ್ಟು, ಕೆಳಗಿನಿಂದ ಮೇಲಕ್ಕೆ. ದಿನ ಮುಗಿದ ಮೇಲೆ ಅಂದಿನ ಪೇಟಕ್ಕೂ ಅಂದಿನ ಬೈಗುಳಕ್ಕೂ ಸೇರಿ ಒಂದೇ ಒಂದು ಚುಕ್ಕಿ. ಎರಡು ತಿಂಗಳಲ್ಲಿ ಗೋಡೆಯ ಮೇಲೆ ಚುಕ್ಕಿಗಳು ರಾಗಿ ಚೆಲ್ಲಿದ ಹಾಗೆ ತುಂಬಿಕೊಂಡವು. ನೋಡಿದರೆ ಯಾರಿಗೂ ಗೊತ್ತಾಗುವಂತಿತ್ತು, ಎಡಗಡೆಯ ಚುಕ್ಕಿಗಳು ಕೆಳಗೆ, ಬಲಗಡೆಯವು ಮೇಲೆ.

"ಹಾಗಾದ್ರೆ ಪೇಟ ಸಡಿಲವಾಗಿದ್ರೆ ಬೈತಾರೆ ಅಂತಾಯ್ತು" ಎಂದೆ ನಾನು.

ಸೀತಾರಾಮು ನನ್ನನ್ನು ದಡ್ಡ ಹುಡುಗನ ಕಡೆ ನೋಡುವ ಹಾಗೆ ನೋಡಿದ. "ಮೇಷ್ಟ್ರೇ, ಇದು ಪಂಚಾಂಗ ಅಲ್ಲ. ಇವತ್ತಿನ ಪೇಟ ಎಲ್ಲಿದೆ? ಇಲ್ಲಿ. ಇದರ ನೇರಕ್ಕೆ ಮೇಲಿಂದ ಕೆಳಗಡೆ ಒಂದು ಪಟ್ಟಿ ಹಿಡೀರಿ. ಆ ಪಟ್ಟಿ ಒಳಗೆ ಬಿದ್ದಿರೋ ಚುಕ್ಕಿಗಳನ್ನಷ್ಟೇ ನೋಡಿ. ಬಹಳ ಇರೋದು ಎಲ್ಲಿ? ಇಲ್ಲಿ, ಮೇಲ್ಗಡೆ. ಆದ್ರೆ ಒಂದೆರಡು ಕೆಳಗೂ ಇವೆ ನೋಡಿ. ಅಂದ್ರೆ ಬೈಯೋ ಸಂಭವ ಹೆಚ್ಚು, ಬೈದೇ ಬೈತಾರೆ ಅಂತಲ್ಲ. ಪೇಟ ನಮಗೆ ಸಿಟ್ಟನ್ನ ಹೇಳಲ್ಲ. ಸಿಟ್ಟು ಎಲ್ಲಿಂದ ಎಲ್ಲೀವರೆಗೆ ಹರಡಿರಬಹುದು ಅಂತ ಹೇಳುತ್ತೆ, ಅಷ್ಟೇ." ನನಗೆ ಕೊನೆಯ ಮಾತು ಅರ್ಥವಾಗಲಿಲ್ಲ. ಪೇಟ ಬಿಗಿಯಾಗಿರುವ ದಿನ ಹೋಗಬೇಕು ಎನ್ನುವುದು ಮಾತ್ರ ಅರ್ಥವಾಯಿತು.

ನನಗೆ ಆ ಬಿಗಿಯಾದ ದಿನ ತುರ್ತಾಗಿ ಬೇಕಾಗಿತ್ತು. ಹೊಳೆನರಸೀಪುರದಲ್ಲಿದ್ದ ನನ್ನ ಸೋದರತ್ತೆ ಬಸ್ ಡ್ರೈವರನ ಕೈಲಿ ಹೇಳಿಕಳಿಸಿದ್ದಳು. ಆ ಕಾಲದಲ್ಲಿ ಮುಖ್ಯವಾದ ಸಮಾಚಾರಗಳೆಲ್ಲ ಬರುತ್ತಿದ್ದದ್ದು ಹಾಗೆಯೇ. ಡ್ರೈವರ್ ಎಂಜಿನ್ ನಿಲ್ಲಿಸದೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದ: "ಮೇಷ್ಟ್ರೇ, ಬರೋ ತಿಂಗಳು ಮೊದಲ್ನೇ ಗುರುವಾರ ಎಣ್ಣು ನೋಡಾಕೆ ಬರ್ಬೇಕಂತೆ. ಈ ಕಿತವೂ ಬರ್ನಿಲ್ಲ ಅಂದ್ರೆ ಅಳೇಕೋಟೆ ಗಂಡ್ನೇ ಒಪ್ಕತಾರಂತೆ ಕಣಿ!" ಹಿಂದೆ ಎರಡು ಸಲ ನನಗೆ ರಜ ಸಿಕ್ಕಿರಲಿಲ್ಲ. ಹುಡುಗಿಯ ತಾತ, ಹೆಣ್ಣು ನೋಡಲು ಬಿಡುವಿಲ್ಲದವನು ಸಂಸಾರಕ್ಕೆ ಬಿಡುವು ಮಾಡಿಕೊಳ್ಳುತ್ತಾನೆಯೇ ಎಂದು ಕೇಳಿದ್ದರಂತೆ. ನ್ಯಾಯವಾದ ಪ್ರಶ್ನೆ.

ಆ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ ಎಂದುಕೊಳ್ಳಬೇಡಿ. ಹಿಂದಿನ ವರ್ಷ ಅತ್ತೆಯ ಮನೆಗೆ ಹೋಗಿದ್ದಾಗ, ಹೇಮಾವತಿಯ ಸೇತುವೆಯ ಮೇಲೆ ಗಾಳಿಗೆ ನನ್ನ ಹೊಸ ಕೊಡೆ ತಿರುಚಿಕೊಂಡು ಮೇಲ್ಮುಖವಾಗಿ ನಿಂತಿತು. ನಾನು ಅದರ ಜೊತೆ ಗುದ್ದಾಡುತ್ತಿದ್ದಾಗ ಪಕ್ಕದಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ತಡೆಯಲಾರದೆ ನಕ್ಕಳು. ನಕ್ಕು, ನಾಚಿ, ಮತ್ತೆ ನಕ್ಕಳು. ಅತ್ತೆಯ ಬೀದಿಯ ಸಾವಿತ್ರಿ. ಅಂದಿನಿಂದ ಆ ನಗು ನನ್ನ ಕಿವಿಯಲ್ಲಿ ಕೂತಿತ್ತು. ಅದು ಹಳೇಕೋಟೆಗೆ ಹೋಗಿಬಿಡುತ್ತದೆ ಎಂದು ನೆನೆದರೆ ಬೇರೇನೂ ಕೇಳಿಸದಂತಾಗುತ್ತಿತ್ತು. ನಿಜ ಹೇಳುತ್ತೇನೆ, ಪಾಠ ಮಾಡುತ್ತ ನಿಂತಾಗಲೂ ಆಗುತ್ತಿತ್ತು.

ನಾನು ರಜಾಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡು ಪೇಟಕ್ಕಾಗಿ ಕಾದೆ. ಗ್ರಹಚಾರ ನೋಡಿ, ಆ ವಾರವಿಡೀ ಬೋರಯ್ಯ ಬಾಗಿಲಿಗೆ ಬಂದು ತಲೆಯಾಡಿಸಿದ್ದೇ ಆಯಿತು. "ಜಾರೈತೆ ಸಾ." ಬೆವರಿಗೆ ಚೀಟಿಯ ಮಸಿ ಹರಡಿಕೊಂಡು ಮತ್ತೆ ಬರೆಯಬೇಕಾಯಿತು. ಕೊನೆಗೆ ನನಗೇ ಒಂದು ಬುದ್ಧಿ ಹೊಳೆಯಿತು. ನನ್ನ ಬದುಕಿನಲ್ಲಿ ಹೊಳೆದ ಬುದ್ಧಿಗಳ ಗುಣಮಟ್ಟ ಗೊತ್ತಿದ್ದವರು ಇಲ್ಲಿಗೇ ಹುಷಾರಾಗುತ್ತಾರೆ. ಪೇಟ ಬಿಗಿಯಾಗಲೆಂದು ನಾವು ಯಾಕೆ ಕಾಯಬೇಕು? ನಾವೇ ಬಿಗಿಯಾದ ಪೇಟ ಕೊಟ್ಟರಾಯಿತು! ಕಟ್ಟಿ ಹೊಲಿದ ಪೇಟಗಳು ಆಗ ಹಾಸನದಲ್ಲಿ ಸಿಗುತ್ತಿದ್ದವು. ಮದುವೆ ಗಂಡುಗಳೂ ನಾಟಕದವರೂ ಕೊಳ್ಳುತ್ತಿದ್ದರು. ತಲೆಯ ಮೇಲೆ ಇಟ್ಟುಕೊಂಡರೆ ಮುಗಿಯಿತು, ಎಂದೆಂದಿಗೂ ವಾಲುವುದಿಲ್ಲ. ಆ ವರ್ಷ ಶಾಲೆಯ ಫಲಿತಾಂಶವೂ ಚೆನ್ನಾಗಿ ಬಂದಿತ್ತು, ಸನ್ಮಾನ ಮಾಡುವುದಕ್ಕೆ ನೆಪವಿತ್ತು. ಸ್ಟಾಫ್‌ರೂಮೆಲ್ಲ ಕುಣಿಯಿತು. ಸೀತಾರಾಮು ಮಾತ್ರ ಗಡ್ಡ ಕೆರೆದುಕೊಂಡ. "ಏನೋ ಸರಿಯಿಲ್ಲ ಅನ್ಸುತ್ತೆ. ಏನು ಅಂತ ಹೊಳೀತಿಲ್ಲ" ಎಂದ. ಹೊಳೆಯುವವರೆಗೆ ಕಾಯಲು ನನಗೆ ಪುರುಸೊತ್ತಿರಲಿಲ್ಲ.

ತೊಡಕಾದದ್ದು ತಲೆಯ ಅಳತೆ. ಹೆಡ್‌ಮಾಸ್ಟರ ತಲೆಗೆ ದಾರ ಸುತ್ತುವವರು ಯಾರು? ಸೀತಾರಾಮು ಇದಕ್ಕೂ ಶಾಸ್ತ್ರ ತೆಗೆದ. ಎತ್ತರದವರಿಗೆ ಪಾದ ಉದ್ದ, ಎತ್ತರದವರಿಗೆ ತಲೆಯೂ ದಪ್ಪ, ಆದ್ದರಿಂದ ಪಾದದಿಂದ ತಲೆಯನ್ನು ಅಂದಾಜು ಮಾಡಬಹುದು. ಆಫೀಸಿನ ಹೊರಗೆ ಬಿಟ್ಟಿದ್ದ ಅವರ ಚಪ್ಪಲಿಯನ್ನು ದಾರದಲ್ಲಿ ಅಳೆದು, ಸ್ಟಾಫ್‌ರೂಮಿನ ಎಲ್ಲರ ಪಾದ ಮತ್ತು ತಲೆಗಳನ್ನೂ ಅಳೆದು, ಒಂದು ಲೆಕ್ಕ ಹಾಕಿಕೊಟ್ಟ. ಅಂದು ಒಬ್ಬರ ತಲೆಗೊಬ್ಬರು ದಾರ ಸುತ್ತುತ್ತಿದ್ದ ನಮ್ಮನ್ನು ಕಿಟಕಿಯಿಂದ ನೋಡಿದ ಹುಡುಗರು ಏನೆಂದುಕೊಂಡರೋ. ನಾನು ಹಾಸನಕ್ಕೆ ಹೋಗಿ ಪೇಟದ ಅಂಗಡಿಯ ಮುದುಕನ ಮುಂದೆ ದಾರ ಇಟ್ಟು, ಅಳತೆ ಬಂದ ಬಗೆಯನ್ನೂ ವಿವರಿಸಿದೆ. ಆತ ದಾರವನ್ನು ಎರಡು ಬೆರಳಲ್ಲಿ ದೂರ ಹಿಡಿದು, "ಸ್ವಾಮಿ, ನಮ್ಮ ತಂದೆ ಕಾಲದಿಂದ ಈ ಅಂಗಡಿ ಐತೆ. ಚಪ್ಪಲಿ ನೋಡ್ಕಂಡು ಪೇಟ ಮಾಡಿ ಅಂದೋರು ನೀವೇ ಮೊದಲು" ಎಂದ. ಆಮೇಲೆ ಮರುಕ ಹುಟ್ಟಿ, "ಒಂಚೂರು ದೊಡ್ಡದೇ ಮಾಡ್ತೀನಿ ಬಿಡಿ. ಸಡಿಲಾದ್ರೆ ಒಳಗೆ ಬಟ್ಟೆ ಇಟ್ಕಳ್ಳಿ" ಎಂದ. ಊಹೆ ಎಷ್ಟು ತಪ್ಪಬಹುದು ಎನ್ನುವುದಕ್ಕೂ ಜಾಗ ಬಿಡಬೇಕೆಂದು ಸೀತಾರಾಮು ಆಮೇಲೆ ಇದನ್ನೇ ದೊಡ್ಡ ತತ್ತ್ವವಾಗಿ ಹೇಳಿದ.

ಸನ್ಮಾನವಾಯಿತು. ಪೇಟ ಸರಿಯಾಗಿಯೇ ಕೂತಿತು. ಮಾರನೆಯ ಬೆಳಗ್ಗೆ ಬೋರಯ್ಯ ಓಡಿಬಂದು, "ಸಾ! ದೇವ್ರ ತಲೆ ಮ್ಯಾಲಿನ ಕಿರೀಟ ಇದ್ದಂಗೈತೆ ಸಾ!" ಎಂದ. ನಾವು ಸಾಲಾಗಿ ಹೋದೆವು. ಮುಂದೆ ಡ್ರಿಲ್ ಮೇಷ್ಟ್ರು, ಹಿಂದೆ ವಿಜ್ಞಾನದವರು, ಆಮೇಲೆ ನಾನು. ಡ್ರಿಲ್ ಮೇಷ್ಟ್ರು ಹೊರಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ವಿಜ್ಞಾನದವರು ಒಳಗಿದ್ದಾಗ ನಮಗೆ ಹೊರಗೇ ಎಲ್ಲ ಕೇಳಿಸಿತು. ನಾನು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ನೀರು ಕುಡಿಯಲು ಬಂದವನಂತೆ ವಾಪಸು ಹೋದೆ. ಮರುದಿನವೂ ಪೇಟ ಅಷ್ಟೇ ಅಚ್ಚುಕಟ್ಟು, ಬೈಗುಳ ಇನ್ನೂ ಜೋರು. ಸೀತಾರಾಮು ಭೂಪಟ ಎತ್ತಿ ತೋರಿಸಿದ. ಹೊಸ ಚುಕ್ಕಿಗಳೆಲ್ಲ ಎಡ ತುದಿಯಲ್ಲಿ ಒಂದರ ಮೇಲೊಂದು ಕಂಬದ ಹಾಗೆ ನಿಂತಿದ್ದವು. "ನೋಡಿ ಮೇಷ್ಟ್ರೇ, ಹೊಳೀಲಿಲ್ಲ ಅಂದ್ನಲ್ಲ, ಇದೇ ಅದು. ಪೇಟ ಸಿಟ್ಟನ್ನ ಹುಟ್ಟಿಸ್ತಿರಲಿಲ್ಲ, ತೋರಿಸ್ತಿತ್ತು. ಈಗ ಅದೂ ಇಲ್ಲ. ನಮಗಿದ್ದ ಒಂದೇ ಕಿಟಕಿಗೆ ನಾವೇ ಇಟ್ಟಿಗೆ ಕಟ್ಟಿದ್ವಿ" ಎಂದ. ಸ್ಟಾಫ್‌ರೂಮಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಬುಧವಾರ ಬಂತು. ಗುರುವಾರ ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಲೇಬೇಕು, ಚೀಟಿ ಇನ್ನೂ ಜೇಬಿನಲ್ಲಿದೆ. ಅಂದು ಸಂಜೆ ಹೆಡ್‌ಮಾಸ್ಟರು ಪೇಟವನ್ನು ಮನೆಯಲ್ಲಿಟ್ಟು, ಬರಿದಲೆಯಲ್ಲಿ ದೇವಸ್ಥಾನದಲ್ಲಿದ್ದ ಊರ ಪ್ರಮುಖರ ಸಭೆಗೆ ಹೋಗುತ್ತ, ಲೈಬ್ರರಿಯ ಬೀಗದ ಕೈಯನ್ನು ತಮ್ಮ ಮನೆಗೆ ಕೊಟ್ಟು ಹೋಗಲು ನನಗೆ ಹೇಳಿದರು. ಬಾಗಿಲು ತೆಗೆದವರು ಅವರ ಮನೆಯವರು, ಗಿರಿಜಮ್ಮನವರು. ನನ್ನನ್ನು ನೋಡಿದ್ದೇ, "ಪೇಟ ತಂದ ಮೇಷ್ಟ್ರು ನೀವೇ ಅಲ್ವಾ?" ಎಂದರು. ಹೌದೆಂದೆ, ಹೊಗಳುತ್ತಾರೆಂದುಕೊಂಡು.

"ಒಳ್ಳೇ ಕೆಲಸ ಮಾಡಿದ್ರಿ ಕಣಪ್ಪ" ಎಂದು ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. "ಪೇಟ ಕಟ್ಟೋದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಅಷ್ಟುದ್ದದ ಬಟ್ಟೆ. ಒಬ್ರು ತುದಿ ಎಳೆದು ಹಿಡೀಬೇಕು, ಇನ್ನೊಬ್ರು ಸುತ್ಕೋಬೇಕು. ನಾನು ಈ ಮನೆಗೆ ಬಂದಾಗಿಂದ ಆ ತುದಿ ನನ್ನ ಕೈಲೇ. ನಮ್ಮಲ್ಲಿ ಜಗಳ ಇಲ್ಲ ಅಂತಲ್ಲ. ಆದ್ರೆ ಬೆಳಿಗ್ಗೆ ಇವರು 'ಹಿಡೀತೀಯಾ?' ಅನ್ಲೇಬೇಕಿತ್ತು, ನಾನು ಹಿಡೀಲೇಬೇಕಿತ್ತು. ಕೋಪ ಇದ್ರೆ ಒಂಚೂರು ಸಡಿಲ ಬಿಡ್ತಿದ್ದೆ. ಬಟ್ಟೆ ಜಾರೋದು, ಇವರು ಗೊಣಗೋರು, ಸಾಯಂಕಾಲಕ್ಕೆ ಎಲ್ಲ ಸರಿಹೋಗೋದು. ಈಗ ಪೆಟ್ಟಿಗೆಯಿಂದ ತೆಗೆದು ತಲೆ ಮೇಲೆ ಇಟ್ಕೊಂಡು ಹೊರಟೇಬಿಡ್ತಾರೆ. ಮಾತಾಡಿ ಎಷ್ಟು ದಿನ ಆಯ್ತೋ. ಯಾರು ಮೊದಲು ಆಡ್ಬೇಕು ಹೇಳಿ?"

ಅವರ ಕಣ್ಣು ತುಂಬಿತು. ನಾನು ಜೇಬಿನಲ್ಲಿದ್ದ ಚೀಟಿಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಸೇತುವೆ, ಕೊಡೆ, ಹಳೇಕೋಟೆಯ ಗಂಡು, ಚಪ್ಪಲಿ ಅಳೆದದ್ದು. ಚಪ್ಪಲಿಯ ಮಾತಿಗೆ ಗಿರಿಜಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ನಮ್ಮ ಪೇಟವಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದನ್ನು ಹಿತ್ತಲ ಬಾಗಿಲಿನ ಬಕೆಟ್ಟಿನ ನೀರಿಗೆ ಅದ್ದಿ, "ಕೊಳೆಯಾಗಿತ್ತು, ನೆನೆಹಾಕಿದ್ದೀನಿ" ಎಂದರು.

ಗುರುವಾರ ಬೆಳಗ್ಗೆ ಬೋರಯ್ಯ ಓಡಿಬರಲಿಲ್ಲ, ಮೆಲ್ಲಗೆ ಬಂದ. "ಸಾ, ಇವತ್ತು ಯಾರೂ ಒಳಿಕ್ಕೆ ಓಗ್ಬ್ಯಾಡಿ ಸಾ. ಅದು ಪ್ಯಾಟ ಅಲ್ಲ, ಬಿಂದಿಗೆ ಹೊರಾ ಸಿಂಬೆ. ಒಂದು ತುದಿ ಬೆನ್ನಮ್ಯಾಲೆ ನೇತಾಡ್ತೈತೆ." ಸೀತಾರಾಮು ಭೂಪಟ ಎತ್ತಿದ. ಅಷ್ಟು ಸಡಿಲದ ನೇರಕ್ಕೆ ಇದ್ದ ಚುಕ್ಕಿಗಳೆಲ್ಲ ಮೇಲೆ, ಛಾವಣಿಯ ಹತ್ತಿರ. ಕೆಳಗೆ ಒಂದೂ ಇಲ್ಲ. "ನಾಳೆ ಹೋಗಿ" ಎಂದ. ನಾಳೆ ಎನ್ನುವುದು ಹಳೇಕೋಟೆಯವನಿಗೆ ಸೇರಿದ್ದು. ನಾನು ದೇವರ ಹೆಸರು ಹೇಳಿಕೊಂಡು ಒಳಗೆ ಹೋದೆ.

ಹೆಡ್‌ಮಾಸ್ಟರು ಒಂದು ಕೈಯಲ್ಲಿ ಪೇಟ ಹಿಡಿದುಕೊಂಡೇ ಕೂತಿದ್ದರು. ಚೀಟಿಯನ್ನು ನೋಡಲಿಲ್ಲ. ಮುಖ ಎಂದಿನಂತೆಯೇ ಇತ್ತು. "ಬಾಗಿಲು ಹಾಕಿ" ಎಂದರು. ಹಾಕಿದೆ. ಎದ್ದು ನಿಂತು ಪೇಟವನ್ನು ಪೂರ್ತಿ ಬಿಚ್ಚಿದರು. "ಈ ತುದಿ ಹಿಡೀರಿ. ಎಳೆದು ಹಿಡೀಬೇಕು. ಹಾಗಂತ ಜಗ್ಗಬೇಡಿ." ನಾನು ಕಿಟಕಿಯ ಪಕ್ಕದಲ್ಲಿ ತುದಿ ಹಿಡಿದು ನಿಂತೆ. ಅವರು ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ನನ್ನ ಕಡೆಗೆ ಬಂದರು. "ಬೆಳಿಗ್ಗೆ ಇವಳ ಕೈಲಿ ಹಿಡಿಯೋಕೇ ಆಗಲಿಲ್ಲ ಕಣ್ರೀ" ಎಂದರು. "ಒಂದು ಸುತ್ತು ಸುತ್ತೋ ಅಷ್ಟರಲ್ಲಿ ನಗು. ಇನ್ನೊಂದು ಸುತ್ತು, ಮತ್ತೆ ನಗು. ಕೇಳಿದ್ರೆ, ನನ್ನ ಚಪ್ಪಲಿ ಅಳೆದು ಪೇಟ ಮಾಡಿಸಿದ್ರಂತಲ್ಲ ನೀವು?" ನಾನು ಬೆವರಿದೆ. ಅವರು ಪೇಟದ ತುದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂದಕ್ಕೆ ಸಿಕ್ಕಿಸಿ, ಚೀಟಿಗೆ ಸಹಿ ಹಾಕಿದರು. ಆಗ ಮೊದಲ ಬಾರಿಗೆ ಅವರ ಮೀಸೆಯ ಕೆಳಗೆ ಏನೋ ಅಲುಗಾಡಿದ್ದನ್ನು ಕಂಡೆ. "ಬೇಗ ಹೊರಡಿ, ಬಸ್ಸು ಹೊರಟುಹೋದೀತು. ಕೊಡೆ ತಗೊಂಡು ಹೋಗಬೇಡಿ."

ಸಾವಿತ್ರಿ ಒಪ್ಪಿದಳು. ಆಮೇಲೆ ನೋಡಿದರೆ, ಸೀತಾರಾಮು ಆ ದಿನದ ಚುಕ್ಕಿಯನ್ನು ಬಲಗಡೆ, ತೀರ ಕೆಳಗೆ, ಬೇರೆಲ್ಲ ಚುಕ್ಕಿಗಳಿಂದ ದೂರದಲ್ಲಿ ಇಟ್ಟಿದ್ದ. ಪೇಟ ಸಡಿಲವಾಗುವುದು ಕೋಪಕ್ಕೆ ಮಾತ್ರವಲ್ಲ, ನಗುವಿಗೂ ಎನ್ನುವುದು ಅವನ ಗೋಡೆಗೆ ಗೊತ್ತಿರಲಿಲ್ಲ. ಅಳಿಸಿಬಿಡಲೇ ಎಂದು ನನ್ನನ್ನು ಕೇಳಿದ. "ಅಳಿಸಬೇಡ ಮಾರಾಯ, ಅದು ನನ್ನ ಮದುವೆ" ಎಂದೆ.

ಇದೆಲ್ಲ ಆಗಿ ವರ್ಷಗಳು ಉರುಳಿದವು. ಅರವತ್ತರ ದಶಕದ ಕೊನೆಯಲ್ಲಿ ನಾನೇ ಹೆಡ್‌ಮಾಸ್ಟರಾಗಿ ಅರಕಲಗೂಡಿಗೆ ಹೋದೆ. ಪೇಟದ ಕಾಲ ಮುಗಿದಿತ್ತು. ನಾನು ಬರಿದಲೆಯವನು, ಬಿಳಿ ಪಂಚೆ, ಅರ್ಧ ತೋಳಿನ ಶರ್ಟು. ನನ್ನನ್ನು ಯಾರೂ ಓದಲಾರರು ಎಂದು ಒಳಗೊಳಗೇ ಬೀಗುತ್ತಿದ್ದೆ. ಗುರುಶಾಂತಪ್ಪನವರ ಆ ಮುಖವನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಯೂ ಇದ್ದೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಸ್ಟಾಫ್‌ರೂಮಿಗೆ ಹೋದೆ. ಗೋಡೆಯ ಮೇಲೆ ಭೂಪಟವಿತ್ತು. ಹಳೆಯ ಚಾಳಿ, ಕೈ ಸುಮ್ಮನಿರದೆ ಎತ್ತಿ ನೋಡಿದೆ. ಹಿಂದೆ ಚುಕ್ಕಿಗಳು. ಅಡ್ಡಗೆರೆಯ ಕೆಳಗೆ ಯಾರೋ ದುಂಡಗೆ ಬರೆದಿದ್ದರು, 'ಪಂಚೆಯ ಸುಕ್ಕು.'

ನಮ್ಮ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಗಂಜಿ ಹಾಕಿ ಒಣಗಿಸಿದ ಪಂಚೆಯನ್ನು ಸಂಜೆ ನಾನೂ ಸಾವಿತ್ರಿಯೂ ಎರಡು ಕಡೆ ಹಿಡಿದು, ಜಗ್ಗಿ, ಮಡಿಸಿ ಹಾಸಿಗೆಯ ಅಡಿಗೆ ಇಡುತ್ತಿದ್ದೆವು. ಬೆಳಗ್ಗೆಗೆ ಗರಿಗರಿ. ಮಾತು ಬಿಟ್ಟ ದಿನ ನಾನೊಬ್ಬನೇ ಮಡಿಸಿಕೊಳ್ಳುತ್ತಿದ್ದೆ. ಅದು ಹೇಗಿರುತ್ತಿತ್ತೋ, ನನ್ನ ಬೆನ್ನ ಹಿಂದಿನದು ನನಗೆ ಹೇಗೆ ಗೊತ್ತಾಗಬೇಕು? ಭೂಪಟವನ್ನು ಮೆಲ್ಲಗೆ ಕೆಳಗಿಳಿಸಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚನ್ನರಾಯಪಟ್ಟಣದ ಸೀಮೆಸುಣ್ಣದ ವಾಸನೆ ಬಂದ ಹಾಗಾಗಿ ಸ್ವಲ್ಪ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತೆ.

ಸಂಜೆ ಮನೆಗೆ ಹೋಗಿ ಸಾವಿತ್ರಿಗೆ ಎಲ್ಲ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ಆಶ್ಚರ್ಯವನ್ನೂ ಪಡದೆ ತಂತಿಯ ಮೇಲಿನಿಂದ ಪಂಚೆ ತೆಗೆದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಬಂದಿದ್ರು" ಎಂದಳು. "ನಾಳೆ ಮೇಷ್ಟ್ರು ರಜ ಕೇಳ್ತಾರೆ, ಮಗೂಗೆ ನಾಮಕರಣ. ಗಟ್ಟಿಯಾಗಿ ಹಿಡ್ಕೊಳ್ಳಿ."

ನಾನು ಗಟ್ಟಿಯಾಗಿ ಹಿಡಿದುಕೊಂಡೆ.